ಕಡಿಮೆ ವಿಕಿರಣದ ಸ್ಕ್ಯಾನ್: ಶುಭ್ರ ಚಿತ್ರವೊಂದೇ ಸಾಕೇ?

ರಾಜ್ಯದ ಜಿಲ್ಲಾ ಕೇಂದ್ರಗಳಲ್ಲಷ್ಟೇ ಅಲ್ಲದೆ ಕೆಲವು ತಾಲ್ಲೂಕು ಪಟ್ಟಣಗಳಲ್ಲಿಯೂ ಸಿ.ಟಿ. ಸ್ಕ್ಯಾನ್ ಕೇಂದ್ರಗಳು ಆರಂಭವಾಗಿರುವುದು ಕಳೆದ ಎರಡು ದಶಕಗಳ ಗಮನಾರ್ಹ ಬೆಳವಣಿಗೆ. ಬ್ಯಾಂಕುಗಳಿಂದ ಸಾಲ ಪಡೆದು, ಮಾಸಿಕ ಕಂತು ಕಟ್ಟುತ್ತ ಈ ಕೇಂದ್ರಗಳನ್ನು ನಡೆಸುತ್ತಿರುವ ಉದ್ದಿಮೆದಾರರ ಮುಂದೆ ಇದೀಗ ಹೊಸ ಆಯ್ಕೆಯೊಂದು ಬಂದು ನಿಂತಿದೆ. ಕಡಿಮೆ ವಿಕಿರಣದಲ್ಲಿ ತೆಗೆದ ಚಿತ್ರದ ದೋಷವನ್ನು ‘ಡೀಪ್ ಲರ್ನಿಂಗ್’ ಎಂಬ ಕೃತಕ ಬುದ್ಧಿಮತ್ತೆಯ ವಿಧಾನದಿಂದ ನಿವಾರಿಸುವ ತಂತ್ರಾಂಶವೇ ಆ ಆಯ್ಕೆ. ಹೊಸ ಯಂತ್ರದೊಡನೆ ಹೆಚ್ಚುವರಿ ಸೌಲಭ್ಯವಾಗಿಯೋ, ಈಗಾಗಲೇ ಇರುವ ಯಂತ್ರಕ್ಕೆ ಪ್ರತ್ಯೇಕ ಜೋಡಣೆಯಾಗಿಯೋ ಇದು ಮಾರುಕಟ್ಟೆಯಲ್ಲಿ ದೊರೆಯುತ್ತದೆ.

ಇಂತಹ ತಂತ್ರಾಂಶದ ಪ್ರಚಾರ ಸಾಹಿತ್ಯದಲ್ಲಿ ಸಾಮಾನ್ಯವಾಗಿ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಮುದ್ರಿಸಿರುತ್ತಾರೆ. ಒಂದು ಮರಳು ಎರಚಿದಂತೆ ಕಾಣುತ್ತದೆ. ಇನ್ನೊಂದು ಸ್ವಚ್ಛವಾಗಿ ಹೊಳೆಯುತ್ತದೆ. ಆ ಹೋಲಿಕೆಯನ್ನು ಕಂಡೊಡನೆ ಖರೀದಿ ಆದೇಶಕ್ಕೆ ಸಹಿ ಹಾಕುವ ಮನಸ್ಸಾಗುವುದು ಸಹಜ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಚಿತ್ರ ಶುಭ್ರವಾದ ಮಾತ್ರಕ್ಕೆ ರೋಗಿಗೆ ತಗಲುವ ವಿಕಿರಣ ಕಡಿಮೆಯಾಯಿತೆಂದಾಗಲಿ, ರೋಗದ ಗುರುತು ಅಳಿಯದೆ ಉಳಿಯಿತೆಂದಾಗಲಿ ಅರ್ಥವಲ್ಲ. ಈ ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕು. ಆ ಪುರಾವೆಯನ್ನು ಕೇಳುವ ಹೊಣೆ ಹಣ ತೆತ್ತು ಕೊಳ್ಳುವವರದೇ ಆಗಿದೆ.

ವಿಕಿರಣದ ಲೆಕ್ಕ

ಎದೆಯ ಸಾಮಾನ್ಯ ಎಕ್ಸ್-ರೇ ತೆಗೆಸಿಕೊಳ್ಳುವ ವ್ಯಕ್ತಿಗೆ ತಗಲುವ ವಿಕಿರಣ 0.1 ಮಿಲಿಸೀವರ್ಟ್ ಅಥವಾ ಅದಕ್ಕಿಂತಲೂ ಕಡಿಮೆ. ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಅದು ಸುಮಾರು 8ರಿಂದ 10 ಮಿಲಿಸೀವರ್ಟ್‌ನಷ್ಟಿರುತ್ತದೆ. ನೆಲ, ಗಾಳಿ, ಆಹಾರ ಮತ್ತು ಆಕಾಶದಿಂದ ಪ್ರತಿಯೊಬ್ಬ ಮನುಷ್ಯನಿಗೂ ಸಹಜವಾಗಿ ಒದಗುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಎಂಬುದನ್ನು ನೆನೆದರೆ, ಒಂದು ಸ್ಕ್ಯಾನ್ ಮೂರು ನಾಲ್ಕು ವರ್ಷಗಳ ಸಹಜ ವಿಕಿರಣಕ್ಕೆ ಸಮನಾದುದೆಂದು ಕಂಡುಬರುತ್ತದೆ. ರೋಗಪತ್ತೆಯಿಂದ ಆಗುವ ಪ್ರಯೋಜನಕ್ಕೆ ಹೋಲಿಸಿದರೆ ಇದರ ಅಪಾಯ ಬಹುತೇಕ ಸಂದರ್ಭಗಳಲ್ಲಿ ಅತ್ಯಲ್ಪ. ಅಗತ್ಯವಿದ್ದಾಗ ಸ್ಕ್ಯಾನ್‌ಗೆ ಹೆದರಬೇಕಾದ ಕಾರಣವಿಲ್ಲ.

ಆದರೂ ಅಲ್ಪವೆಂಬುದು ಶೂನ್ಯವಲ್ಲ. ಬಾಲ್ಯ ಹಾಗೂ ಹದಿಹರೆಯದಲ್ಲಿ ಸಿ.ಟಿ. ಪರೀಕ್ಷೆಗೆ ಒಳಗಾದ ಸುಮಾರು 9.5 ಲಕ್ಷ ಮಂದಿಯನ್ನು ಯೂರೋಪಿನ 9 ದೇಶಗಳಲ್ಲಿ ಅನುಸರಿಸಿ ನಡೆಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಇಂದಿನ ರೂಢಿಯ ವಿಕಿರಣದಲ್ಲಿ ಪರೀಕ್ಷೆಗೊಳಗಾಗುವ ಪ್ರತಿ 10,000 ಮಕ್ಕಳಲ್ಲಿ ಒಬ್ಬಿಬ್ಬರಿಗೆ, ಮುಂದಿನ 12 ವರ್ಷಗಳಲ್ಲಿ, ಆ ವಿಕಿರಣದ ಕಾರಣದಿಂದಲೇ ರಕ್ತಸಂಬಂಧಿ ಕ್ಯಾನ್ಸರ್ ಬರಬಹುದೆಂಬುದು ಅದರ ಅಂದಾಜು. ಒಂದು ಕುಟುಂಬದ ದೃಷ್ಟಿಯಿಂದ ಇದು ಸಣ್ಣ ಸಂಖ್ಯೆ. ಲಕ್ಷಾಂತರ ಪರೀಕ್ಷೆಗಳು ನಡೆಯುವ ಸಮಾಜದ ದೃಷ್ಟಿಯಿಂದ ಹಾಗಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಸ್ಕ್ಯಾನ್ ಕೇಂದ್ರದಲ್ಲಿ ದುಡಿಯುವ ತಂತ್ರಜ್ಞರಿಗೆ ವಿಕಿರಣದ ಮಿತಿಯನ್ನು ಕಾನೂನು ನಿಗದಿಪಡಿಸಿದೆ: ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ರೋಗಿಗೆ ಅಂತಹ ಮಿತಿಯಿಲ್ಲ. ಚಿಕಿತ್ಸೆಯ ಹಿತಕ್ಕಾಗಿ ಎಷ್ಟು ಅಗತ್ಯವೋ ಅಷ್ಟನ್ನು ಮಾತ್ರ ಬಳಸಬೇಕೆಂಬ ತತ್ತ್ವವೇ ರೋಗಿಯ ಪಾಲಿನ ರಕ್ಷಣೆ. ಆ ತತ್ತ್ವವನ್ನು ಪಾಲಿಸುವುದು ಕೇಂದ್ರದ ವಿವೇಕಕ್ಕೆ ಬಿಟ್ಟ ವಿಷಯವಾಗಿರುವುದರಿಂದಲೇ ಹೊಸ ತಂತ್ರಾಂಶದ ಪ್ರಶ್ನೆ ಕೇವಲ ವ್ಯಾಪಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ದೋಷದ ಮೂಲ

ವಿಕಿರಣವನ್ನು ತಗ್ಗಿಸಿದರೆ ಚಿತ್ರವೇಕೆ ಕೆಡುತ್ತದೆ? ಎಕ್ಸ್-ಕಿರಣಗಳು ಶೋಧಕಫಲಕವನ್ನು ಬಿಡಿ ಬಿಡಿ ಕಣಗಳಾಗಿ ತಲಪುತ್ತವೆ. ಮಳೆಯ ಹನಿಗಳಂತೆ ಅವು ಎಲ್ಲೆಡೆ ಸಮನಾಗಿ ಬೀಳುವುದಿಲ್ಲ. ಒಂದು ಬಿಂದುವಿಗೆ ಸರಾಸರಿ 10,000 ಕಣಗಳು ತಲಪಿದರೆ ಏರುಪೇರು ಸುಮಾರು 100, ಅಂದರೆ ಶೇಕಡ 1. ಬರಿಯ 100 ಕಣಗಳು ತಲಪಿದರೆ ಏರುಪೇರು 10, ಅಂದರೆ ಶೇಕಡ 10. ವಿಕಿರಣವನ್ನು ನಾಲ್ಕನೆಯ ಒಂದು ಭಾಗಕ್ಕೆ ಇಳಿಸಿದರೆ ಈ ಏರುಪೇರು ಇಮ್ಮಡಿಯಾಗುತ್ತದೆ. ತಂತ್ರಜ್ಞರು ‘ನಾಯ್ಸ್’ ಎಂದು ಕರೆಯುವ ಮರಳು ಮರಳಾದ ದೋಷ ಇದೇ. ಮೂಳೆಯಂತಹ ಎದ್ದು ಕಾಣುವ ಭಾಗಕ್ಕೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಪಿತ್ತಜನಕಾಂಗದಲ್ಲಿ ಸುತ್ತಲಿನ ಅಂಗಾಂಶಕ್ಕಿಂತ ಸ್ವಲ್ಪವೇ ಭಿನ್ನವಾಗಿ ಕಾಣುವ ಸಣ್ಣ ಗಂಟು ಮಾತ್ರ ಇದರಲ್ಲಿ ಸುಲಭವಾಗಿ ಮರೆಯಾಗುತ್ತದೆ.

ಈ ವಿಷಯದಲ್ಲಿ ಬೆಂಗಳೂರಿನ ಪಾತ್ರವನ್ನು ನೆನೆಯುವುದು ಉಚಿತ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಯಂತ್ರದಿಂದ ಲಂಡನ್ನಿನಲ್ಲಿ ಮೊದಲ ರೋಗಿಯ ಪರೀಕ್ಷೆ ನಡೆದ 1971ನೆಯ ಇಸವಿಯಲ್ಲಿಯೇ, ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಅವರು ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಹಲವು ಕೋನಗಳ ಎಕ್ಸ್-ರೇ ಚಿತ್ರಗಳಿಂದ ಒಳರಚನೆಯನ್ನು ಮರಳಿ ಕಟ್ಟುವ ಗಣಿತಕ್ರಮವೊಂದನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ‘ರಾಮ್-ಲಾಕ್ ಫಿಲ್ಟರ್’ ಎಂಬ ಹೆಸರಿನಲ್ಲಿ ಅದು ಇಂದಿಗೂ ಜಗತ್ತಿನಾದ್ಯಂತ ಪಠ್ಯಗಳಲ್ಲಿ ಉಳಿದಿದೆ. ಚಿತ್ರದ ಅಂಚುಗಳನ್ನು ಸ್ಪಷ್ಟಗೊಳಿಸುವ ಈ ಕ್ರಮ ಸೂಕ್ಷ್ಮ ವಿವರಗಳ ಜೊತೆಗೆ ನಾಯ್ಸನ್ನೂ ಎತ್ತಿ ತೋರಿಸುತ್ತದೆ. ಅದನ್ನು ಪಳಗಿಸಲು ನಂತರದ ದಶಕಗಳಲ್ಲಿ ನಡೆದ ಪ್ರಯತ್ನಗಳ ಸಾಲಿನಲ್ಲಿ ಡೀಪ್ ಲರ್ನಿಂಗ್ ಇತ್ತೀಚಿನದು.

ಕಲಿಸಿದ ತಂತ್ರಾಂಶದ ಕೆಲಸ

ಹಿಂದಿನ ವಿಧಾನಗಳಲ್ಲಿ ನಾಯ್ಸ್ ಹೇಗಿರುತ್ತದೆಂಬುದನ್ನು ತಜ್ಞರು ಸೂತ್ರವಾಗಿ ಬರೆದುಕೊಡುತ್ತಿದ್ದರು. ಡೀಪ್ ಲರ್ನಿಂಗ್‌ನಲ್ಲಿ ಸ್ತರ ಸ್ತರವಾಗಿ ಜೋಡಿಸಿದ ಗಣಿತಜಾಲವು ಉದಾಹರಣೆಗಳಿಂದಲೇ ಅದನ್ನು ಕಲಿಯುತ್ತದೆ. ಒಂದೇ ದೇಹಭಾಗದ ಎರಡು ಚಿತ್ರಗಳನ್ನು, ಅಂದರೆ ಕಡಿಮೆ ವಿಕಿರಣದ್ದನ್ನೂ ಪೂರ್ಣ ವಿಕಿರಣದ್ದನ್ನೂ ಜಾಲಕ್ಕೆ ಒದಗಿಸಿ, ಮೊದಲನೆಯದರಿಂದ ಎರಡನೆಯದನ್ನು ಪಡೆಯುವಂತೆ ಸಾವಿರಾರು ಬಾರಿ ತಿದ್ದಲಾಗುತ್ತದೆ. ಕೇವಲ ತರಬೇತಿಗಾಗಿ ರೋಗಿಯನ್ನು ಎರಡು ಬಾರಿ ವಿಕಿರಣಕ್ಕೆ ಒಡ್ಡುವುದು ನ್ಯಾಯವಲ್ಲ. ಆದ್ದರಿಂದ ಪೂರ್ಣ ವಿಕಿರಣದ ದತ್ತಾಂಶಕ್ಕೆ ಲೆಕ್ಕಾಚಾರದ ಮೂಲಕ ನಾಯ್ಸ್ ಸೇರಿಸಿ ಕಡಿಮೆ ವಿಕಿರಣದ ಪ್ರತಿಯನ್ನು ತಯಾರಿಸುವುದು ರೂಢಿ. ಅಮೆರಿಕದ ಮೇಯೊ ಕ್ಲಿನಿಕ್ ಮತ್ತು ಅಲ್ಲಿನ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2016ರಲ್ಲಿ ನಡೆಸಿದ ಸ್ಪರ್ಧೆಗೆ ನಾಲ್ಕನೆಯ ಒಂದು ಭಾಗದ ವಿಕಿರಣಕ್ಕೆ ಸಮನಾದ ಇಂತಹ ದತ್ತಾಂಶವನ್ನೇ ಒದಗಿಸಲಾಗಿತ್ತು. ಈ ಕ್ಷೇತ್ರದ ಸಂಶೋಧನೆಗೆ ಅದು ದೊಡ್ಡ ಪ್ರೇರಣೆಯಾಯಿತು. 2019ರಲ್ಲಿ ಜಿಇ ಹಾಗೂ ಕ್ಯಾನನ್ ಸಂಸ್ಥೆಗಳ ತಂತ್ರಾಂಶಗಳಿಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅನುಮತಿ ದೊರೆತ ನಂತರ ಇದು ಪ್ರಯೋಗಾಲಯವನ್ನು ದಾಟಿ ಮಾರುಕಟ್ಟೆಗೆ ಬಂದಿತು.

ಈ ತಂತ್ರಜ್ಞಾನ ಪೊಳ್ಳಲ್ಲ ಎಂಬುದನ್ನು ಮೊದಲೇ ಒಪ್ಪಬೇಕು. ಹಳೆಯ ಶೋಧನ ಕ್ರಮಗಳಲ್ಲಿ ಚಿತ್ರಕ್ಕೆ ಮೇಣ ಬಳಿದಂತಹ ಕೃತಕ ನುಣುಪು ಬರುತ್ತದೆಂಬುದು ರೇಡಿಯಾಲಜಿಸ್ಟರ ಬಹುಕಾಲದ ದೂರು. ಹೊಸ ಕ್ರಮಗಳು ಆ ದೂರನ್ನು ಬಹುಮಟ್ಟಿಗೆ ನಿವಾರಿಸಿವೆ. ಮೇಲಿಂದ ಮೇಲೆ ಪರೀಕ್ಷೆಗೆ ಬರಬೇಕಾದ ಮಕ್ಕಳಿಗೂ, ದೀರ್ಘಕಾಲದ ಕಾಯಿಲೆಯವರಿಗೂ ಇದರಿಂದ ನಿಜವಾದ ಉಪಕಾರವಾಗಬಲ್ಲುದು. ವಿಕಿರಣ ತಗ್ಗಿದರೆ ಎಕ್ಸ್-ರೇ ಟ್ಯೂಬಿನ ಮೇಲಿನ ಶಾಖದ ಹೊರೆಯೂ ತಗ್ಗುವುದರಿಂದ, ಕೇಂದ್ರದ ಅತಿ ದುಬಾರಿ ಬಿಡಿಭಾಗ ಹೆಚ್ಚು ಕಾಲ ಬಾಳಿಕೆ ಬರುವ ಸಂಭವವೂ ಇದೆ.

ತಂತ್ರಾಂಶ ತಾನಾಗಿ ವಿಕಿರಣ ತಗ್ಗಿಸದು

ಆದರೆ ಈ ಎಲ್ಲ ಪ್ರಯೋಜನಗಳೂ ಒಂದು ಷರತ್ತಿಗೆ ಒಳಪಟ್ಟಿವೆ. ವಿಕಿರಣ ಎಷ್ಟಿರಬೇಕೆಂಬುದು ರೋಗಿ ಮೇಜಿನ ಮೇಲೆ ಮಲಗಿರುವಾಗ ಯಂತ್ರಕ್ಕೆ ನೀಡಿದ ಸೂಚನೆಯಿಂದ ನಿರ್ಧಾರವಾಗುತ್ತದೆ. ನಾಯ್ಸ್ ನಿವಾರಿಸುವ ತಂತ್ರಾಂಶ ಕೆಲಸ ಮಾಡುವುದು ಕಿರಣಗಳು ದೇಹವನ್ನು ದಾಟಿಹೋದ ಮೇಲೆ. ಆದ್ದರಿಂದ ಅದು ವಿಕಿರಣವನ್ನು ತಗ್ಗಿಸುವುದಿಲ್ಲ. ತಗ್ಗಿಸಲು ಅವಕಾಶವನ್ನಷ್ಟೇ ಒದಗಿಸುತ್ತದೆ. ತಂತ್ರಾಂಶವನ್ನು ಅಳವಡಿಸಿ, ಯಂತ್ರದ ಸೂಚನೆಗಳನ್ನು ಹಿಂದಿನಂತೆಯೇ ಉಳಿಸಿಕೊಂಡರೆ ವೈದ್ಯರಿಗೆ ಅಂದವಾದ ಚಿತ್ರ ದೊರೆಯುತ್ತದೆ, ರೋಗಿಗೆ ಹಿಂದಿನಷ್ಟೇ ವಿಕಿರಣ ತಗಲುತ್ತದೆ.

ಇಂತಹ ಲೋಪ ಘಟಿಸಲು ದುರುದ್ದೇಶವೇನೂ ಬೇಕಿಲ್ಲ. ಕೆಲಸದ ಒತ್ತಡದಲ್ಲಿರುವ ತಂತ್ರಜ್ಞ ರೂಢಿಯ ಸೂಚನೆಯನ್ನೇ ಮುಂದುವರಿಸುತ್ತಾನೆ. ಶುಭ್ರ ಚಿತ್ರದ ರುಚಿ ಹತ್ತಿದ ವೈದ್ಯರು ಸ್ವಲ್ಪ ಮಸುಕನ್ನೂ ಒಪ್ಪುವುದಿಲ್ಲ. ಮಾಲೀಕರಿಗೆ ದೂರು ಬರದಿದ್ದರೆ ಸಾಕು. ಹೀಗೆ ‘ಕಡಿಮೆ ವಿಕಿರಣದ ಸ್ಕ್ಯಾನ್’ ಎಂಬ ಫಲಕ ಬಾಗಿಲಲ್ಲಿ ತೂಗುತ್ತಿದ್ದರೂ ಒಳಗಿನ ಅಂಕಿಯಲ್ಲಿ ವ್ಯತ್ಯಾಸವಾಗದೆ ಉಳಿಯಬಹುದು. ಕೇವಲ ಉತ್ತಮ ಚಿತ್ರಕ್ಕಾಗಿ ತಂತ್ರಾಂಶವನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹಾಗೆ ಕೊಂಡವರು ಕಡಿಮೆ ವಿಕಿರಣದ ಹೆಸರಿನಲ್ಲಿ ಜಾಹೀರಾತು ನೀಡುವುದು ಗ್ರಾಹಕರಿಗೆ ಬಗೆಯುವ ವಂಚನೆಯೇ ಸರಿ.

ಸಣ್ಣ ಗಂಟಿನ ಪ್ರಶ್ನೆ

ಎರಡನೆಯ ಎಚ್ಚರಿಕೆ ಇನ್ನೂ ಗಂಭೀರವಾದುದು. ವಿಕಿರಣವನ್ನು ನಿಜವಾಗಿಯೂ ತಗ್ಗಿಸಿದಾಗ ಕೆಲವು ಕಣಗಳು ಫಲಕವನ್ನು ತಲಪಲೇ ಇಲ್ಲ. ಅವು ತರಬಹುದಾಗಿದ್ದ ಮಾಹಿತಿಯೂ ಬರಲಿಲ್ಲ. ತಂತ್ರಾಂಶ ಆ ಕೊರತೆಯನ್ನು ತಾನು ಕಲಿತ ಉದಾಹರಣೆಗಳ ಆಧಾರದಿಂದ ಊಹಿಸಿ ತುಂಬುತ್ತದೆ. ಸಾಮಾನ್ಯ ರಚನೆಯ ವಿಷಯದಲ್ಲಿ ಊಹೆ ಸರಿಹೋಗುತ್ತದೆ. ರೋಗವೆಂಬುದು ಅಸಾಮಾನ್ಯ ರಚನೆ. ಸರಾಸರಿ ವ್ಯತ್ಯಾಸವನ್ನು ಕನಿಷ್ಠಗೊಳಿಸುವಂತೆ ಕಲಿಸಿದ ಜಾಲ ಸೂಕ್ಷ್ಮ ಗುರುತನ್ನು ನಾಯ್ಸ್‌ನೊಂದಿಗೆ ಒರೆಸಿಹಾಕಬಹುದು. ನೈಜವಾಗಿ ಕಾಣುವಂತೆ ಕಲಿಸಿದ ಜಾಲ ಇಲ್ಲದ ವಿವರವನ್ನು ಸೃಷ್ಟಿಸಬಹುದು.

ಇದು ಕೇವಲ ತರ್ಕದ ಭಯವಲ್ಲ. ಪಿತ್ತಜನಕಾಂಗಕ್ಕೆ ಹರಡಿದ ಕ್ಯಾನ್ಸರ್ ಗಂಟುಗಳ ಬಗೆಗೆ 2022ರಲ್ಲಿ ‘ರೇಡಿಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಕಿರಣವನ್ನು ಶೇಕಡ 65ರಷ್ಟು ತಗ್ಗಿಸಿ, ಡೀಪ್ ಲರ್ನಿಂಗ್ ಮೂಲಕ ಚಿತ್ರ ತಯಾರಿಸಲಾಗಿತ್ತು. ಚಿತ್ರದ ಗುಣಮಟ್ಟ ಸುಧಾರಿಸಿತು. ಅರ್ಧ ಸೆಂಟಿಮೀಟರ್‌ಗಿಂತ ದೊಡ್ಡ ಗಂಟುಗಳ ಪತ್ತೆಯೂ ಉಳಿದುಬಂದಿತು. ಆದರೆ ಗಂಟು ಯಾವ ಬಗೆಯದೆಂದು ನಿರ್ಣಯಿಸುವುದರಲ್ಲಿಯೂ, ವೈದ್ಯರಿಗೆ ತಮ್ಮ ತೀರ್ಮಾನದ ಮೇಲಿದ್ದ ಭರವಸೆಯಲ್ಲಿಯೂ ಪೂರ್ಣ ವಿಕಿರಣದ ಚಿತ್ರವೇ ಮೇಲಾಯಿತು. ಅದಕ್ಕೂ ಮುನ್ನ, 2020ರಲ್ಲಿ, ಹಿಂದೆ ರಾಮಚಂದ್ರನ್ ಅವರ ಲೇಖನ ಬೆಳಕು ಕಂಡಿದ್ದ ಪತ್ರಿಕೆಯಲ್ಲಿಯೇ ಇನ್ನೊಂದು ಸಂಶೋಧನೆ ಪ್ರಕಟವಾಗಿತ್ತು. ವೈದ್ಯಕೀಯ ಚಿತ್ರಗಳನ್ನು ಮರಳಿ ಕಟ್ಟುವ ಕೆಲವು ಜಾಲಗಳು ಕಣ್ಣಿಗೆ ಕಾಣದಷ್ಟು ಸಣ್ಣ ಏರುಪೇರಿಗೂ ತಪ್ಪು ರಚನೆಗಳನ್ನು ತೋರಿಸಬಲ್ಲವೆಂದೂ, ಗಂಟಿನಂತಹ ಸಣ್ಣ ಬದಲಾವಣೆಯನ್ನು ಕೈಬಿಡಬಲ್ಲವೆಂದೂ ಅದು ತೋರಿಸಿಕೊಟ್ಟಿತು.

ಹಾಗೆಂದು ಕಡಿಮೆ ವಿಕಿರಣವೇ ಸಲ್ಲದೆಂಬ ತೀರ್ಮಾನಕ್ಕೆ ಬರಬೇಕಿಲ್ಲ. ಅಮೆರಿಕದಲ್ಲಿ 53,000ಕ್ಕೂ ಹೆಚ್ಚು ಮಂದಿ ಧೂಮಪಾನಿಗಳು ಮತ್ತು ಮಾಜಿ ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸುಮಾರು 1.5 ಮಿಲಿಸೀವರ್ಟ್‌ನ ಸಿ.ಟಿ. ತಪಾಸಣೆಗೆ ಒಳಗಾದವರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದಾಗುವ ಸಾವು, ಸಾಮಾನ್ಯ ಎಕ್ಸ್-ರೇ ತೆಗೆಸಿಕೊಂಡವರಿಗಿಂತ ಶೇಕಡ 20ರಷ್ಟು ಕಡಿಮೆಯಾಯಿತು. ಅಂದು ಈ ಕೆಲಸಕ್ಕೆ ಡೀಪ್ ಲರ್ನಿಂಗ್ ಬಳಕೆಗೆ ಬಂದಿರಲಿಲ್ಲ. ಗಾಳಿ ತುಂಬಿದ ಶ್ವಾಸಕೋಶದಲ್ಲಿ ಗಂಟು ಎದ್ದು ಕಾಣುವುದರಿಂದ ಕಡಿಮೆ ವಿಕಿರಣವೇ ಸಾಕಾಯಿತು. ಪಿತ್ತಜನಕಾಂಗದ ವಿಷಯ ಹಾಗಲ್ಲ. ಯಾವ ಅಂಗ, ಯಾವ ಪ್ರಶ್ನೆ ಎಂಬುದರ ಮೇಲೆ ವಿಕಿರಣದ ಪ್ರಮಾಣ ನಿರ್ಧಾರವಾಗಬೇಕೇ ಹೊರತು, ಎಲ್ಲಕ್ಕೂ ಒಂದೇ ಶೇಕಡಾವಾರು ಕಡಿತವನ್ನು ಸಾರುವ ಪ್ರಚಾರಪತ್ರದ ಮೇಲಲ್ಲ.

ಖರೀದಿ ಒಪ್ಪಂದದಲ್ಲಿ ಏನಿರಬೇಕು

ಈ ಹಿನ್ನೆಲೆಯಲ್ಲಿ ಸ್ಕ್ಯಾನ್ ಕೇಂದ್ರಗಳ ಮಾಲೀಕರು ಖರೀದಿಗೆ ಮುನ್ನ ಕೆಲವು ಷರತ್ತುಗಳನ್ನು ಲಿಖಿತ ರೂಪದಲ್ಲಿ ಪಡೆಯುವುದು ಕ್ಷೇಮಕರ.

ಮೊದಲನೆಯದಾಗಿ, ಅಳವಡಿಕೆಗೆ ಹಿಂದಿನ ಮೂರು ತಿಂಗಳ ವಿಕಿರಣದ ಲೆಕ್ಕವನ್ನು ಪರೀಕ್ಷಾವಾರು ತೆಗೆದಿರಿಸಬೇಕು. ಪ್ರತಿ ಸ್ಕ್ಯಾನ್‌ನ ಸಿ.ಟಿ.ಡಿ.ಐ. ಮತ್ತು ಡಿ.ಎಲ್.ಪಿ. ಅಂಕಿಗಳನ್ನು ಯಂತ್ರವೇ ತೋರಿಸುವುದರಿಂದ ಇದಕ್ಕೆ ವಿಶೇಷ ವೆಚ್ಚವಿಲ್ಲ. ಅಳವಡಿಕೆಯ ನಂತರದ ಮೂರು ತಿಂಗಳ ಅಂಕಿಗಳೊಡನೆ ಇದನ್ನು ಹೋಲಿಸಿ, ಹಣದ ಒಂದು ಕಂತನ್ನು ಆ ಫಲಿತಾಂಶಕ್ಕೆ ತಳಕು ಹಾಕುವುದು ನ್ಯಾಯಸಮ್ಮತ.

ಎರಡನೆಯದಾಗಿ, ತಂತ್ರಾಂಶವನ್ನು ಕೇಂದ್ರದ ಯಂತ್ರದ ಮೇಲೆ, ಕೇಂದ್ರಕ್ಕೆ ಬರುವ ರೋಗಿಗಳ ಚಿತ್ರಗಳಿಂದಲೇ ಪರೀಕ್ಷಿಸಬೇಕು. ಬೇರೆ ದೇಶದ ದೇಹಪ್ರಕೃತಿಯ ಮೇಲೆ ಕಲಿತದ್ದು ಇಲ್ಲಿಯೂ ಹಾಗೆಯೇ ನಡೆಯುತ್ತದೆಂದು ಪರೀಕ್ಷಿಸದೆ ನಂಬುವಂತಿಲ್ಲ. ಒಂದೇ ಸ್ಕ್ಯಾನ್‌ನ ಮೂಲ ದತ್ತಾಂಶದಿಂದ ಹಳೆಯ ಕ್ರಮದಲ್ಲಿಯೂ ಹೊಸ ಕ್ರಮದಲ್ಲಿಯೂ ಚಿತ್ರ ತಯಾರಿಸಬಹುದಾದುದರಿಂದ, ಈ ಹೋಲಿಕೆಗಾಗಿ ಯಾವ ರೋಗಿಗೂ ಹೆಚ್ಚಿನ ವಿಕಿರಣ ಬೇಕಿಲ್ಲ. ಯಾವುದು ಯಾವ ಕ್ರಮದ ಚಿತ್ರವೆಂದು ತಿಳಿಸದೆ ಇಬ್ಬರು ರೇಡಿಯಾಲಜಿಸ್ಟರಿಂದ ವರದಿ ಬರೆಸಿದರೆ ಸತ್ಯ ಹೊರಬರುತ್ತದೆ. ವಿಕಿರಣ ತಗ್ಗಿಸಿದಾಗ ಮಂದ ವ್ಯತ್ಯಾಸದ ಸಣ್ಣ ಗುರುತುಗಳು ಉಳಿಯುತ್ತವೆಯೇ ಎಂಬುದನ್ನು ಮಾತ್ರ ಕೃತಕ ದೇಹಮಾದರಿಯ ಮೇಲೆ ಅಳೆಯಬೇಕಾಗುತ್ತದೆ.

ಮೂರನೆಯದಾಗಿ, ಯಾವ ಚಿತ್ರಕ್ಕೆ ಈ ತಂತ್ರಾಂಶವನ್ನು ಯಾವ ತೀವ್ರತೆಯಲ್ಲಿ ಬಳಸಲಾಗಿದೆ ಎಂಬುದು ಕಡತದಲ್ಲಿ ದಾಖಲಾಗಬೇಕು. ಸಂಶಯ ಬಂದಾಗ ಹಳೆಯ ಕ್ರಮದ ಚಿತ್ರವೂ ವೈದ್ಯರ ಕೈಗೆ ಸಿಗಬೇಕು. ನಾಲ್ಕನೆಯದಾಗಿ, ತಂತ್ರಾಂಶದ ಹೊಸ ಆವೃತ್ತಿ ಅಳವಡಿಸುವಾಗ ಮುಂಚಿತವಾಗಿ ತಿಳಿಸಿ ಮರುಪರೀಕ್ಷೆ ನಡೆಸುವ ಹೊಣೆಯನ್ನು ಮಾರಾಟಗಾರರು ಹೊರಬೇಕು. ಕೊನೆಯದಾಗಿ, ವಾರ್ಷಿಕ ಪರವಾನಗಿ ಶುಲ್ಕ ಹಾಗೂ ನಿರ್ವಹಣಾ ಒಪ್ಪಂದದ ದರಗಳನ್ನು ಯಂತ್ರದ ಆಯುಷ್ಯದುದ್ದಕ್ಕೂ ಮೊದಲೇ ನಿಗದಿಪಡಿಸಿಕೊಳ್ಳದಿದ್ದರೆ ಟ್ಯೂಬಿನಲ್ಲಿ ಉಳಿದ ಹಣ ಶುಲ್ಕದಲ್ಲಿ ಕರಗಿಹೋದೀತು.

ಇಷ್ಟೆಲ್ಲವನ್ನೂ ನಡೆಸಲು ಸಣ್ಣ ಪಟ್ಟಣದ ಕೇಂದ್ರಗಳಿಗೆ ಸಾಮರ್ಥ್ಯವೆಲ್ಲಿದೆ ಎಂಬ ಆಕ್ಷೇಪ ಬರುವುದು ಸಹಜ. ಆಕ್ಷೇಪದಲ್ಲಿ ಹುರುಳಿದೆ, ಆದರೆ ಪರಿಹಾರವೂ ಇದೆ. ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಯಂತ್ರಗಳ ಗುಣಮಟ್ಟದ ಪರೀಕ್ಷೆ ನಿಯತಕಾಲಕ್ಕೆ ನಡೆಯಲೇಬೇಕು. ಅದಕ್ಕಾಗಿ ಬರುವ ಸಂಸ್ಥೆಗಳಿಂದಲೇ ಈ ಹೆಚ್ಚುವರಿ ಅಳತೆಗಳನ್ನೂ ಮಾಡಿಸಬಹುದು. ಒಂದು ಜಿಲ್ಲೆಯ ಹತ್ತಾರು ಕೇಂದ್ರಗಳು ಒಟ್ಟಾಗಿ ಒಬ್ಬ ವೈದ್ಯಕೀಯ ಭೌತವಿಜ್ಞಾನಿಯ ಸೇವೆ ಪಡೆದರೆ ತಲಾ ವೆಚ್ಚ ಹಗುರವಾಗುತ್ತದೆ. ಬಿಡಿಬಿಡಿಯಾಗಿ ಚೌಕಾಸಿ ಮಾಡುವ ಬದಲು ವಾಣಿಜ್ಯ ಮಂಡಳಿಯ ಮೂಲಕ ಮಾದರಿ ಒಪ್ಪಂದವೊಂದನ್ನು ರೂಪಿಸಿಕೊಂಡರೆ ದೊಡ್ಡ ಮಾರಾಟಗಾರರ ಮುಂದೆ ಸಣ್ಣ ಕೊಳ್ಳುಗರ ಮಾತಿಗೂ ತೂಕ ಬರುತ್ತದೆ.

ಸ್ಥಳೀಯ ಉದ್ಯಮಕ್ಕೆ ಅವಕಾಶ

ಕೊಳ್ಳುವವರಿಗೆ ಹೊಣೆಯಾಗಿರುವ ಇದೇ ವಿಷಯ ತಯಾರಿಸುವವರಿಗೆ ಅವಕಾಶವಾಗಿದೆ. ವೈದ್ಯಕೀಯ ಚಿತ್ರಣದ ಉದ್ಯಮ ಬೆಂಗಳೂರಿಗೆ ಹೊಸದಲ್ಲ. ವಿಪ್ರೊ ಮತ್ತು ಜಿಇ ಸಂಸ್ಥೆಗಳ ಜಂಟಿ ಉದ್ಯಮ 1990ರಲ್ಲಿಯೇ ಆರಂಭವಾಯಿತು. ಐದು ವರ್ಷಗಳಲ್ಲಿ 8,000 ಕೋಟಿ ರೂಪಾಯಿ ಹೂಡುವ ಯೋಜನೆಯನ್ನು ಅದು 2024ರಲ್ಲಿ ಪ್ರಕಟಿಸಿತು. ಸೀಮೆನ್ಸ್ ಹೆಲ್ತಿನಿಯರ್ಸ್ ಸಂಸ್ಥೆ 2021ರಲ್ಲಿ ನಗರದಲ್ಲಿ ಸಿ.ಟಿ. ಯಂತ್ರಗಳ ಉತ್ಪಾದನಾ ಘಟಕವನ್ನು ತೆರೆಯಿತು. ಕೇಂದ್ರ ಸರ್ಕಾರ 2020ರಲ್ಲಿ ಪ್ರಕಟಿಸಿದ 3,420 ಕೋಟಿ ರೂಪಾಯಿಗಳ ಉತ್ಪಾದನಾ ಪ್ರೋತ್ಸಾಹ ಯೋಜನೆಯಲ್ಲಿ ಚಿತ್ರಣ ಯಂತ್ರಗಳಿಗೂ ಸ್ಥಾನ ದೊರೆತಿತ್ತು. 2024ರ ಜುಲೈ ತಿಂಗಳ ಮುಂಗಡಪತ್ರದಲ್ಲಿ ಎಕ್ಸ್-ರೇ ಟ್ಯೂಬ್ ಮತ್ತು ಚಪ್ಪಟೆ ಶೋಧಕಫಲಕಗಳ ಸೀಮಾಸುಂಕವನ್ನು ದೇಶೀಯ ಉತ್ಪಾದನೆಯ ಬೆಳವಣಿಗೆಗೆ ಹೊಂದಿಸುವ ಕ್ರಮ ಪ್ರಕಟವಾಯಿತು.

ಯಂತ್ರದ ಪೈಪೋಟಿಗೆ ಭಾರಿ ಬಂಡವಾಳ ಬೇಕು. ತಂತ್ರಾಂಶಕ್ಕೆ ಮತ್ತು ಅದರ ಪರೀಕ್ಷೆಗೆ ಅಷ್ಟು ಬೇಡ. ಇಲ್ಲಿನ ರೋಗಿಗಳ ಒಪ್ಪಿಗೆ ಪಡೆದು, ಗುರುತು ಮರೆಸಿ, ತಜ್ಞರ ವರದಿಗಳೊಡನೆ ಸಂಗ್ರಹಿಸಿದ ದತ್ತಾಂಶ. ಪರೀಕ್ಷೆಗೆ ಬೇಕಾದ ಕೃತಕ ದೇಹಮಾದರಿಗಳ ತಯಾರಿಕೆ. ಮಾರಾಟಗಾರರ ಹಂಗಿಲ್ಲದೆ ತಂತ್ರಾಂಶಗಳನ್ನು ಒರೆಗೆ ಹಚ್ಚುವ ಪ್ರಯೋಗಾಲಯ — ಈ ಮೂರೂ ಮಧ್ಯಮ ಗಾತ್ರದ ಉದ್ದಿಮೆಗಳ ಅಳವಿಗೆ ನಿಲುಕುವಂತಹವು. ಕಾಯಿದೆಯ ಚೌಕಟ್ಟೂ ಸಿದ್ಧವಿದೆ. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಜಾರಿಯಲ್ಲಿದ್ದು, 2020ರ ಅಧಿಸೂಚನೆಯ ಅನ್ವಯ ತಂತ್ರಾಂಶವೂ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬಂದಿದೆ. ದತ್ತಾಂಶದ ಬಳಕೆಯಲ್ಲಿ ಒಪ್ಪಿಗೆಯ ಮಹತ್ತ್ವವನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಒತ್ತಿಹೇಳಿದೆ. ಆದರೆ ಪರವಾನಗಿ ಪತ್ರವೆಂಬುದು ಸಾಧನ ಮಾರಾಟಕ್ಕೆ ಯೋಗ್ಯವೆಂದು ಹೇಳುತ್ತದೆಯೇ ಹೊರತು, ನಿರ್ದಿಷ್ಟ ಕೇಂದ್ರದ ನಿರ್ದಿಷ್ಟ ಯಂತ್ರದಲ್ಲಿ ಅದು ಹೇಗೆ ನಡೆಯುತ್ತಿದೆ ಎಂಬುದನ್ನಲ್ಲ. ಆ ಅಂತರವನ್ನು ತುಂಬುವ ಸೇವೆಗೆ ಬೇಡಿಕೆ ಬರಬೇಕಾದರೆ ಕೊಳ್ಳುವವರು ಪುರಾವೆ ಕೇಳುವ ಅಭ್ಯಾಸವನ್ನು ರೂಢಿಸಿಕೊಳ್ಳಬೇಕು.

1971ರಲ್ಲಿ ಗಣಿತ ಬೆಂಗಳೂರಿನಲ್ಲಿ ಹುಟ್ಟಿತು. ಯಂತ್ರಗಳು ಮಾತ್ರ ದಶಕಗಳ ಕಾಲ ಹಡಗಿನಲ್ಲಿ ಬಂದವು. ಸಿ.ಟಿ. ಯಂತ್ರಗಳೇ ಇಲ್ಲಿ ಜೋಡಣೆಯಾಗುತ್ತಿರುವ ಈ ಕಾಲದಲ್ಲಿ ಅವುಗಳೊಳಗಿನ ತಂತ್ರಾಂಶದ ಗುಣಾವಗುಣಗಳನ್ನು ನಿರ್ಣಯಿಸುವ ಶಕ್ತಿಯೂ ಇಲ್ಲಿಯೇ ಬೆಳೆಯಬೇಕಾಗಿದೆ. ಅದರ ಆರಂಭಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಪ್ರತಿಯೊಂದು ಸ್ಕ್ಯಾನ್ ಕೇಂದ್ರದಲ್ಲಿ ವಿಕಿರಣದ ಲೆಕ್ಕಪುಸ್ತಕವೊಂದನ್ನು ತೆರೆದು, ತಿಂಗಳ ಕೊನೆಗೆ ಜಮಾಖರ್ಚಿನೊಡನೆ ಅದನ್ನೂ ಮಾಲೀಕರು ಪರಿಶೀಲಿಸಿದರೆ ಸಾಕು. ಚಿತ್ರ ಎಷ್ಟೇ ಅಂದವಾಗಿರಲಿ, ಆ ಪುಸ್ತಕದ ಅಂಕಿ ಇಳಿಯದಿದ್ದಲ್ಲಿ ರೋಗಿಗೆ ದೊರೆತದ್ದೇನೂ ಇಲ್ಲ. ಅಂಕಿ ಇಳಿದು, ಗಂಟಿನ ಗುರುತೂ ಉಳಿದರೆ ಮಾತ್ರ ತೆತ್ತ ಹಣ ಸಾರ್ಥಕ.